ಗಣಕಯಂತ್ರದ ಉಳಿ

ಮರಗೆಲಸವೆಂದೊಡನೆ ಉಳಿ, ಬಾಚಿ, ಹತ್ತರಿ, ಬೈರಿಗೆಗಳು ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಊರಿನಲ್ಲಿ ಬೆಳೆದ ನಮ್ಮಂಥವರಿಗೆ ಇದು ಸಹಜ. ಮುಂಬಯಿಯಲ್ಲಿಯೇ ಕಣ್ಣು ತೆರೆದ ನಿಮಗೆ, ವಿದ್ಯಾರ್ಥಿಮಿತ್ರರೇ, ಈ ಹೆಸರುಗಳಲ್ಲಿ ಅರ್ಧಕ್ಕರ್ಧ ಅಪರಿಚಿತವಾಗಿರಬಹುದು. ಅದಕ್ಕಾಗಿ ನಿಮ್ಮನ್ನು ದೂರಲಾರೆವು. ಜೋಗೇಶ್ವರಿಯ ಓಶಿವಾರಾ ಪೀಠೋಪಕರಣ ಬಜಾರಿನ ಕಡೆಗೆ ಒಮ್ಮೆ ಹೋಗಿ ಬನ್ನಿ. ಕೊಡತಿಯ ಪೆಟ್ಟಿಗಿಂತ ವಿದ್ಯುತ್ ಗರಗಸದ ಕೂಗೇ ಅಲ್ಲಿ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಇದೀಗ ಆ ಕೂಗಿನ ಜೊತೆಗೆ ಇನ್ನೊಂದು ದನಿಯೂ ಸೇರಿದೆ. ಅದು ಸಿ.ಎನ್.ಸಿ. ರೌಟರ್ ಎಂಬ ಯಂತ್ರದ ದನಿ. ಹಲಗೆಯನ್ನು ಮೇಜಿನ ಮೇಲೆ ಬಿಗಿದು ಗುಂಡಿಯೊತ್ತಿದರೆ ಸಾಕು, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಬಿಟ್ಟೊಂದು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲೆಕೆಳಕ್ಕೆ ಚಲಿಸುತ್ತ ತಾನೇ ತಾನಾಗಿ ಹೂಬಳ್ಳಿಗಳನ್ನು ಕೊರೆದಿಡುತ್ತದೆ.

ತಾನೇ ತಾನಾಗಿ ಎಂದೆವು. ಆ ಮಾತು ಪೂರ್ತಿ ನಿಜವಲ್ಲ. ಯಂತ್ರಕ್ಕೆ ತನ್ನದೆಂಬ ಬುದ್ಧಿಯಿಲ್ಲ. ಯಾರೋ ಬರೆದುಕೊಟ್ಟ ಅಂಕೆಗಳ ಸಾಲನ್ನು ಅದು ಚಾಚೂ ತಪ್ಪದೆ ಪಾಲಿಸುತ್ತದೆ, ಅಷ್ಟೆ. ಅಮೆರಿಕೆಯ ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರಿನ ರೆಕ್ಕೆಗಳ ಕೆಲಸದಲ್ಲಿ ತೊಡಗಿದ್ದಾಗ ಹುಟ್ಟಿದ ಆಲೋಚನೆಯಿದು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು 1952ರಲ್ಲಿ ಇಂತಹ ಯಂತ್ರವನ್ನು ನಡೆಸಿ ತೋರಿಸಿತು. ಆಗ ಅಂಕೆಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆಯುತ್ತಿದ್ದರು. ಈಗ ಗಣಕಯಂತ್ರದ ಕಡತವೊಂದು ಆ ಕೆಲಸವನ್ನು ಮಾಡುತ್ತದೆ. ಆ ಕಡತವನ್ನು ಸಿದ್ಧಪಡಿಸುವ ತಂತ್ರಾಂಶವನ್ನು ಬಡವನು ಹೇಗೆ ಆರಿಸಿಕೊಳ್ಳಬೇಕು ಎಂಬುದೇ ನಮ್ಮ ಇಂದಿನ ಪ್ರಸ್ತಾಪ.

ಕನ್ನಡ ಪಾಠ ಹೇಳುವ ನಮಗೂ ಈ ಯಂತ್ರಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಾವು ವಾಸಿಸುವ ಚಾಳಿನಲ್ಲಿ ಕುಂದಾಪುರದ ಕಡೆಯ ಆಚಾರ್ಯರೊಬ್ಬರಿದ್ದಾರೆ. ನಲವತ್ತು ವರ್ಷ ಉಳಿ ಹಿಡಿದ ಕೈ ಅವರದು. ಅವರ ಮಗ ನಮ್ಮ ಶಾಲೆಯಲ್ಲಿಯೇ ಓದಿ ಹೊರಬಿದ್ದವನು. ತಂದೆಮಕ್ಕಳಿಬ್ಬರೂ ಓಶಿವಾರಾದಲ್ಲಿ ಒಂದು ಗಾಳಾ ಬಾಡಿಗೆಗೆ ಹಿಡಿದು ದುಡಿಯುತ್ತಿದ್ದಾರೆ. ಕಳೆದ ವರ್ಷ ಮಗನು ಸಾಲ ಮಾಡಿ ಪುಟ್ಟದೊಂದು ರೌಟರನ್ನು ಕೊಂಡನು. ಸಾಲದ ಕಂತು ತಿಂಗಳು ತಿಂಗಳೂ ತಪ್ಪದೆ ಬರುವಂಥದು. ಯಂತ್ರವು ಸುಮ್ಮನೆ ಕುಳಿತರೂ ಅದು ಸುಮ್ಮನೆ ಕೂರುವುದಿಲ್ಲ. ಅಷ್ಟರಲ್ಲಿ ಒಂದು ಕನ್ನಡ ಸಂಘದವರು ರಾಜ್ಯೋತ್ಸವಕ್ಕೆಂದು ಮೂವತ್ತೆರಡು ಮರದ ಸ್ಮರಣಿಕೆಗಳನ್ನು ಮಾಡಿಕೊಡುವಂತೆ ಕೇಳಿದರು. ಪ್ರತಿಯೊಂದರ ಮೇಲೂ ಸನ್ಮಾನಿತರ ಹೆಸರನ್ನು ಕನ್ನಡದಲ್ಲಿ ಕೊರೆಯಬೇಕು. ಮೂರನೆಯ ದಿನ ಆಚಾರ್ಯರು ನಮ್ಮ ಬಾಗಿಲಿಗೆ ಬಂದರು.

“ಇದ್ರಗೆ ಕನ್ನಡ ಸಮ ಬತ್ತಿಲ್ಲೆ, ಮಾಷ್ಟ್ರೇ, ನೀವೊಂದ್ಸಲ ಕಾಣಿ” ಎಂದರು.

ಹೋಗಿ ನೋಡಿದೆವು. ಯಂತ್ರ ಮಾರಿದ ವ್ಯಾಪಾರಿಯು ಹೆಸರಾಂತ ತಂತ್ರಾಂಶವೊಂದರ ಬೀಗ ಮುರಿದ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ, ‘ಇದು ನಮ್ಮ ಕಡೆಯಿಂದ ಉಚಿತ’ ಎಂದು ಕೊಟ್ಟಿದ್ದನು. ಇಂತಹ ಔದಾರ್ಯಕ್ಕೆ ಈ ನಗರದಲ್ಲಿ ಬರವಿಲ್ಲ. ಅದರಲ್ಲಿ ‘ಆಚಾರ್ಯ’ ಎಂದು ಬೆರಳಚ್ಚಿಸಿದರೆ ಪರದೆಯ ಮೇಲೆ ‘ಆಚಾರ್‌ಯ’ ಎಂದು ಮೂಡುತ್ತಿತ್ತು. ‘ಕೃಷ್ಣ’ನ ಣಕಾರದ ಒತ್ತು ಷಕಾರದ ಕೆಳಗೆ ಇಳಿಯಲೊಲ್ಲದೆ ಪಕ್ಕದಲ್ಲಿಯೇ ನಿಂತಿತ್ತು. ಸನ್ಮಾನಕ್ಕೆಂದು ಕರೆದು ಒಬ್ಬರ ಹೆಸರನ್ನು ಹೀಗೆ ಮುರಿದು ಕೈಗೆ ಕೊಡುವುದಕ್ಕಿಂತ ಕರೆಯದಿರುವುದೇ ಲೇಸು.

ಕನ್ನಡದ ಮಾತು ಆಮೇಲೆ. ಮೊದಲು ಆ ಪೆನ್ ಡ್ರೈವಿನ ವಿಷಯ ಇತ್ಯರ್ಥವಾಗಬೇಕಿತ್ತು. ಅನುಮತಿಯಿಲ್ಲದ ಪ್ರತಿಯೆಂದು ತಿಳಿದೂ ತಿಳಿದೂ ತಂತ್ರಾಂಶವನ್ನು ಬಳಸುವುದು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅಪರಾಧ. ಅದಲ್ಲದೆ ಬೀಗ ಮುರಿದವನು ಅದರೊಳಗೆ ಇನ್ನೇನನ್ನು ಅಡಗಿಸಿಟ್ಟಿದ್ದಾನೋ ಬಲ್ಲವರಾರು? ಗಾಳಾದ ಲೆಕ್ಕಪತ್ರ, ಗಿರಾಕಿಗಳ ವಿಳಾಸ ಎಲ್ಲವೂ ಅದೇ ಗಣಕಯಂತ್ರದಲ್ಲಿವೆ. ನಾವು ಇವೆಲ್ಲವನ್ನೂ ವಿಸ್ತಾರವಾಗಿ ವಿವರಿಸಲು ಸಿದ್ಧರಾಗಿದ್ದೆವು. ಆಚಾರ್ಯರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. “ಕದ್ದ ಉಳಿಯಗೆ ದೇವ್ರ ಮಂಟಪ ಕೆತ್ತುಕಾತ್ತಾ?” ಎಂದು ಮಗನ ಮುಖವನ್ನು ನೋಡಿದರು. ಆ ಪ್ರತಿಯು ಅಂದೇ ಅಳಿಸಿಹೋಯಿತು.

ಆದರೆ ಅಳಿಸಿದ ಮೇಲೆ ಕೈಗೆ ಏನು ಉಳಿಯಿತು? ಯಂತ್ರ, ಸಾಲ, ಮೂವತ್ತೆರಡು ಹಲಗೆಗಳು, ಆರು ವಾರಗಳ ಗಡುವು. ಅಂದಿನಿಂದ ಸಂಜೆಯ ಹೊತ್ತು ನಾವು ಮತ್ತು ಆ ಹುಡುಗ ತಂತ್ರಾಂಶಗಳನ್ನು ಒಂದೊಂದಾಗಿ ಪರಿಶೀಲಿಸತೊಡಗಿದೆವು.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಇಲ್ಲಿ ಕೆಲಸ ಒಂದಲ್ಲ, ಮೂರು. ಚಿತ್ರ ಬರೆಯುವುದು ಒಂದು. ಆ ಚಿತ್ರದ ಮೇಲೆ ಬಿಟ್ಟು ಯಾವ ದಾರಿಯಲ್ಲಿ, ಎಷ್ಟು ಆಳದಲ್ಲಿ, ಯಾವ ವೇಗದಲ್ಲಿ ನಡೆಯಬೇಕೆಂದು ನಿಶ್ಚಯಿಸುವುದು ಎರಡನೆಯದು. ಹಾಗೆ ನಿಶ್ಚಯಿಸಿದ್ದನ್ನು ಯಂತ್ರಕ್ಕೆ ಸಾಲು ಸಾಲಾಗಿ ಉಣಿಸುವುದು ಮೂರನೆಯದು. ಎರಡನೆಯ ಕೆಲಸದಿಂದ ಹೊರಬರುವ ಬರವಣಿಗೆಗೆ ಜಿ-ಕೋಡ್ ಎಂದು ಹೆಸರು. ಅದು ಮಂತ್ರವೇನಲ್ಲ. ‘ಜಿ0’ ಎಂದರೆ ಕೊರೆಯದೆ ಬೇಗನೆ ಹೋಗು. ‘ಜಿ1’ ಎಂದರೆ ಹೇಳಿದ ವೇಗದಲ್ಲಿ ನೇರವಾಗಿ ಕೊರೆಯುತ್ತ ಹೋಗು. ‘ಜಿ2’, ‘ಜಿ3’ ಎಂದರೆ ಕಮಾನಿನಂತೆ ಬಾಗಿ ಹೋಗು. ‘ಎಂ3’ ಎಂದರೆ ಸ್ಪಿಂಡಲ್ ತಿರುಗಲಿ, ‘ಎಂ5’ ಎಂದರೆ ನಿಲ್ಲಲಿ. ‘ಜಿ21’ ಎಂದು ಬರೆದರೆ ಅಳತೆ ಮಿಲಿಮೀಟರಿನಲ್ಲಿ, ‘ಜಿ20’ ಎಂದು ಬರೆದರೆ ಅಂಗುಲದಲ್ಲಿ. ಈ ಕೊನೆಯ ಎರಡು ಅದಲುಬದಲಾದರೆ ಅಂಗೈಯಗಲದ ಹೂವು ಇಪ್ಪತ್ತೈದು ಪಟ್ಟು ಬೆಳೆಯಲು ಹೊರಡುತ್ತದೆ! ವ್ಯಾಕರಣದಲ್ಲಿ ಒಂದು ವಿಭಕ್ತಿ ತಪ್ಪಿದರೆ ಅರ್ಥ ಕೆಡುತ್ತದೆಯಲ್ಲವೆ, ಇದೂ ಹಾಗೆಯೇ.

ಮೂರನೆಯ ಕೆಲಸಕ್ಕೆ ಹಣದ ಚಿಂತೆಯಿರಲಿಲ್ಲ. ಹುಡುಗನ ಯಂತ್ರವನ್ನು ನಡೆಸುವುದು ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ; ಅದು ಆರ್ಡುಯಿನೋ ಎಂಬ ಅಂಗೈಯಗಲದ ವಿದ್ಯುನ್ಮಾನ ಹಲಗೆಯೊಳಗೆ ಕುಳಿತಿರುತ್ತದೆ. ಅದಕ್ಕೆ ಜಿ-ಕೋಡನ್ನು ಉಣಿಸಲು ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಎಂಬುದಿದೆ, ಅದೂ ಉಚಿತ. ತೊಡಕಿದ್ದದ್ದು ಮೊದಲಿನ ಎರಡರಲ್ಲಿ.

ಪೇಟೆಯಲ್ಲಿ ದೊಡ್ಡ ಹೆಸರು ಬ್ರಿಟನ್ನಿನ ವೆಕ್ಟ್ರಿಕ್ ಕಂಪನಿಯದು. ಅವರ ವಿಕಾರ್ವ್, ಆಸ್ಪೈರ್ ಎಂಬ ತಂತ್ರಾಂಶಗಳನ್ನು ಮರಗೆಲಸದವರಿಗೆಂದೇ ಮಾಡಿದ್ದಾರೆ, ಕಲಿಯಲು ಸುಲಭ, ಒಂದು ಸಲ ಹಣ ಕೊಟ್ಟು ಕೊಂಡರೆ ಆ ಆವೃತ್ತಿ ನಿಮ್ಮದೇ. ಇವು ಒಳ್ಳೆಯವೆಂದು ನಾವು ಮುಕ್ತಮನಸ್ಸಿನಿಂದ ಹೇಳುತ್ತೇವೆ. ಆದರೆ ಆಸ್ಪೈರಿನ ಬೆಲೆ ಸುಮಾರು ಎರಡು ಸಾವಿರ ಡಾಲರ್. ರೂಪಾಯಿಗೆ ಪರಿವರ್ತಿಸಿದಾಗ ಹುಡುಗನು ಆ ಅಂಕೆಯನ್ನು ಕಾಗದದ ಮೇಲೆ ಬರೆದು, ಸ್ವಲ್ಪ ಹೊತ್ತು ನೋಡಿ, ಕಾಗದವನ್ನು ಮಡಿಸಿ ಜೇಬಿಗೆ ಸೇರಿಸಿದನು. ವಿಕಾರ್ವಿನ ಚಿಕ್ಕ ಆವೃತ್ತಿಗೆ ಅದಕ್ಕಿಂತ ಬಹಳ ಕಡಮೆ ಬೆಲೆಯಾದರೂ ಆ ತಿಂಗಳ ಕಂತು ಕಟ್ಟಬೇಕಾದವನಿಗೆ ಅದೂ ದೂರದ ಮಾತಾಗಿತ್ತು.

ಆಟೋಡೆಸ್ಕ್ ಕಂಪನಿಯ ಫ್ಯೂಷನ್ ಎಂಬುದನ್ನು ಹಲವರು ಸೂಚಿಸಿದರು. ಚಿತ್ರ, ದಾರಿ ಎರಡೂ ಒಂದರಲ್ಲಿಯೇ ಆಗುತ್ತವೆ. ಸ್ವಂತ ಹವ್ಯಾಸಕ್ಕಾದರೆ ಹಣವನ್ನೂ ಕೇಳುವುದಿಲ್ಲ. ಕೇಳಲು ಎಷ್ಟು ಹಿತವಾಗಿದೆ! ಆದರೆ ಪರವಾನಗಿಯ ಪತ್ರವನ್ನು ಕೊನೆಯ ತನಕ ಓದಬೇಕು. ಉಚಿತ ಪರವಾನಗಿ ಇರುವುದು ಮನೆಯ ಹವ್ಯಾಸಿಗೆ. ವ್ಯಾಪಾರವಾಗಿ ಮಾಡಿ ಮಾರುವವನಿಗಲ್ಲ. ಅಲ್ಲದೆ 2020ರಲ್ಲಿ ಕಂಪನಿಯವರು ಆ ಉಚಿತ ಬಗೆಗೆ ಹಲವು ಕಟ್ಟುಗಳನ್ನು ಹಾಕಿದರು. ಏಕಕಾಲಕ್ಕೆ ತಿದ್ದಲು ಹತ್ತು ಕಡತಗಳು ಮಾತ್ರ. ಬಿಟ್ಟು ಗಾಳಿಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಾಗಲೂ ಓಡುವಂತಿಲ್ಲ, ಕೊರೆಯುವ ವೇಗದಲ್ಲಿಯೇ ತೆವಳಬೇಕು. ಕಂಪನಿಯವರನ್ನು ನಾವು ನಿಂದಿಸುವುದಿಲ್ಲ. ಅವರ ವಸ್ತು, ಅವರ ಷರತ್ತು. ಆದರೆ ಇನ್ನೊಬ್ಬರು ಕೃಪೆಯಿಂದ ಕೊಟ್ಟದ್ದನ್ನು ಅವರು ಯಾವಾಗ ಬೇಕಾದರೂ ಕಿರಿದುಗೊಳಿಸಬಹುದು ಎಂಬುದನ್ನು ತಿಳಿದೇ ಅದರ ಮೇಲೆ ಅನ್ನದ ದಾರಿಯನ್ನು ಕಟ್ಟಬೇಕು. ವಾರಾಂತ್ಯದಲ್ಲಿ ಸಂತೋಷಕ್ಕಾಗಿ ಮರ ಕೊರೆಯುವವರು ಫ್ಯೂಷನ್ ಹಿಡಿಯಲಿ, ಬೇಡವೆನ್ನೆವು. ನಮ್ಮ ಹುಡುಗನು ಆ ವರ್ಗದವನಲ್ಲ.

ಉಳಿದದ್ದು ಮುಕ್ತ ತಂತ್ರಾಂಶಗಳ ಪ್ರಪಂಚ. ಇಂಕ್‌ಸ್ಕೇಪ್ ಎಂಬುದರಲ್ಲಿ ರೇಖಾಚಿತ್ರಗಳನ್ನು ಬರೆಯಬಹುದು. ಅದು 2003ರಿಂದಲೂ ಇದೆ. ಫ್ರೀಕ್ಯಾಡ್ ಎಂಬುದರಲ್ಲಿ ಪೀಠೋಪಕರಣಗಳನ್ನು ಅಳತೆಸಹಿತ ಘನಾಕೃತಿಯಾಗಿ ಕಟ್ಟಬಹುದು. ಬಹುಕಾಲ ಬೆಳೆಯುತ್ತ ಬಂದು 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಇವುಗಳಿಂದ ಮಾಡಿದ್ದನ್ನು ಮಾರಬಾರದೆಂಬ ಕಟ್ಟಳೆಯಿಲ್ಲ. ಚಂದಾ ಇಲ್ಲ. ಬರೆದ ಚಿತ್ರವು ಎಂದೆಂದಿಗೂ ನಿಮ್ಮ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಹಾಗಾದರೆ ಬೆಲೆಯೇ ಇಲ್ಲವೆ? ಇದೆ, ಅದನ್ನು ಗಂಟೆಗಳಲ್ಲಿ ತೆರಬೇಕು. ಫ್ರೀಕ್ಯಾಡಿನಲ್ಲಿ ಒಂದು ಸಾದಾ ಪೆಟ್ಟಿಗೆಯನ್ನು ಸರಿಯಾಗಿ ಕಟ್ಟಲು ಹುಡುಗನಿಗೆ ನಾಲ್ಕು ಸಂಜೆಗಳು ಹಿಡಿದವು. ಆ ನಾಲ್ಕು ಸಂಜೆಗಳ ಕೂಲಿ ಎಷ್ಟೆಂದು ಅವನ ತಂದೆ ಬಾಯಿಬಿಟ್ಟು ಕೇಳಲಿಲ್ಲ. ಕೇಳದಿದ್ದುದೇ ದೊಡ್ಡ ಮಾತು.

ಅಲ್ಲಿಗೆ ನಮಗೆ ಒಂದು ವಿಷಯ ಹೊಳೆಯಿತು. ನಾವು ಇದುವರೆಗೆ ಯಾವ ತಂತ್ರಾಂಶ ಉತ್ತಮ ಎಂದು ವಿಚಾರಿಸುತ್ತಿದ್ದೆವೇ ಹೊರತು ಸದ್ಯ ಏನನ್ನು ಕೊರೆಯಬೇಕಾಗಿದೆ ಎಂದು ವಿಚಾರಿಸಿರಲಿಲ್ಲ. ಕೊರೆಯಬೇಕಾದದ್ದು ಮೂವತ್ತೆರಡು ಚಪ್ಪಟೆ ಹಲಗೆಗಳು, ಅವುಗಳ ಮೇಲೆ ಕನ್ನಡ ಅಕ್ಷರಗಳು. ಇದಕ್ಕೆ ಘನಾಕೃತಿಯ ಗೊಡವೆ ಏಕೆ? ಅಕ್ಷರವನ್ನು ಸರಿಯಾಗಿ ಬರೆಯಬಲ್ಲ ಒಂದು ತಂತ್ರಾಂಶ, ಅದರ ಮೇಲೆ ಬಿಟ್ಟನ್ನು ನಡೆಸಬಲ್ಲ ಇನ್ನೊಂದು ದೊರೆತರೆ ಸಾಕಾಗಿತ್ತು.

ಈಗ ಕನ್ನಡದ ಮಾತಿಗೆ ಬರೋಣ. ಸಂಘದವರು ಕಳುಹಿಸಿದ ಹೆಸರಿನ ಪಟ್ಟಿಯು ಹಳೆಯ ನುಡಿ ಅಕ್ಷರಗಳಲ್ಲಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಲಿಪಿಯ ಗೊಂದಲವಷ್ಟೇ ಕಾಣುತ್ತದೆ. ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡೆವು. ಯೂನಿಕೋಡಿನಲ್ಲಿ ‘ಕೃಷ್ಣ’ ಎಂಬುದು ಒಳಗೆ ಕಕಾರ, ಋಕಾರದ ಚಿಹ್ನೆ, ಷಕಾರ, ಹಲಂತ, ಣಕಾರ ಎಂದು ಬಿಡಿಬಿಡಿಯಾಗಿಯೇ ಇರುತ್ತದೆ. ಅವುಗಳನ್ನು ಕೂಡಿಸಿ ಒತ್ತಕ್ಷರವಾಗಿ ತೋರಿಸುವ ಹೊಣೆ ತಂತ್ರಾಂಶದ್ದು. ನಾವು ನೋಡಿದ ಕೆಲವು ಕೊರೆತದ ತಂತ್ರಾಂಶಗಳಿಗೆ ಆ ಕೂಡಿಸುವ ವಿದ್ಯೆ ಬಾರದು. ಅವುಗಳನ್ನು ಮಾಡಿದವರು ಅಕ್ಷರವೆಂದರೆ ಒಂದರ ಪಕ್ಕ ಒಂದು ನಿಲ್ಲುವುದೆಂದು ಬಗೆದವರು. ಅಕ್ಷರದ ಕೆಳಗೆ ಅಕ್ಷರ ಸೇರುವ ಸಂಸಾರವನ್ನು ಅವರು ಕಂಡವರಲ್ಲ.

ಇಂಕ್‌ಸ್ಕೇಪಿಗೆ ಆ ವಿದ್ಯೆ ಬರುತ್ತದೆ. ಅದರಲ್ಲಿ ಹೆಸರನ್ನು ಬೆರಳಚ್ಚಿಸಿದೆವು. ಒತ್ತು, ಅರ್ಕಾವತ್ತು, ದೀರ್ಘ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತವು. ಆ ಬಳಿಕ ಅಕ್ಷರವನ್ನು ರೇಖೆಯನ್ನಾಗಿ ಮಾರ್ಪಡಿಸುವ ಆಜ್ಞೆಯನ್ನು ಕೊಟ್ಟು, ಒಂದರ ಮೇಲೊಂದು ಹಾದುಹೋದ ಭಾಗಗಳನ್ನು ಒಂದಾಗಿ ಬೆಸೆದೆವು. ಬೆಸೆಯದಿದ್ದರೆ ಒತ್ತು ಕೂಡುವಲ್ಲಿ ಬಿಟ್ಟು ಅಕ್ಷರದ ನಡುವೆಯೇ ಗೆರೆ ಎಳೆಯುತ್ತದೆ. ಹೀಗೆ ರೇಖೆಯಾದ ಮೇಲೆ ಅದು ಕನ್ನಡವೋ ಚೀನೀ ಭಾಷೆಯೋ ಎಂದು ಮುಂದಿನ ತಂತ್ರಾಂಶವು ಕೇಳುವುದಿಲ್ಲ. ಅದಕ್ಕೆ ಅದೊಂದು ಚಿತ್ರ. ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಕಡತವಾಗಿ ಉಳಿಸಿದರೆ ಯಾವ ತಂತ್ರಾಂಶಕ್ಕೆ ಬೇಕಾದರೂ ಒಯ್ಯಬಹುದು. ಒಂದು ಎಚ್ಚರಿಕೆ: ರೇಖೆಯಾದ ಮೇಲೆ ಕಾಗುಣಿತವನ್ನು ಮತ್ತೆ ಬೆರಳಚ್ಚಿಸಿ ತಿದ್ದಲಾಗದು, ಆದುದರಿಂದ ಅಕ್ಷರರೂಪದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಮೂವತ್ತೆರಡು ಹೆಸರುಗಳ ಕರಡನ್ನು ತಿದ್ದುವ ಕೆಲಸ ನಮ್ಮ ಪಾಲಿಗೆ ಬಂದಿತು. ಎರಡು ಕಡೆ ಶಕಾರ ಷಕಾರಗಳ ಜಗಳವನ್ನು ಬಿಡಿಸಿದೆವು. ಇಡೀ ಸಾಹಸದಲ್ಲಿ ಕನ್ನಡ ಮೇಷ್ಟರಿಗೆ ದಕ್ಕಿದ ಅಧಿಕಾರ ಇಷ್ಟೇ.

ಅಕ್ಷರಶೈಲಿಗೂ ಪರವಾನಗಿಯುಂಟು ಎಂಬುದು ನಮಗೆ ಹೊಸ ವಿಷಯ. ಮಾರುವ ವಸ್ತುವಿನ ಮೇಲೆ ಬಳಸಲು ಅನುಮತಿಯಿರುವ ಮುಕ್ತ ಅಕ್ಷರಶೈಲಿಗಳನ್ನೇ ಹುಡುಕಿದೆವು. ಮುಂಬಯಿಯ ಏಕ್ ಟೈಪ್ ತಂಡದವರು ರೂಪಿಸಿದ ಬಲೂ ತಮ್ಮ ಎಂಬುದು ನಮ್ಮ ಆಚಾರ್ಯರ ಮನಸ್ಸಿಗೆ ಬಂದಿತು. ದಪ್ಪ, ದುಂಡು, ಮೂಲೆಗಳು ಮೃದು. ಕನ್ನಡ ಲಿಪಿಯ ದುಂಡುತನ ಈ ಯಂತ್ರಕ್ಕೆ ಒಗ್ಗುವಂಥದು. ತಿರುಗುವ ಬಿಟ್ಟು ಯಾವಾಗಲೂ ದುಂಡಾಗಿಯೇ ಕೊರೆಯುತ್ತದೆ. ರೋಮನ್ ಲಿಪಿಯ ಚೂಪು ಒಳಮೂಲೆಗಳಲ್ಲಿ ಅದು ಸೋಲುತ್ತದೆ, ನಮ್ಮ ಅಕ್ಷರಗಳ ಹೊಟ್ಟೆಯೊಳಗೆ ಸುಖವಾಗಿ ತಿರುಗುತ್ತದೆ. ಆದರೆ ಒತ್ತಕ್ಷರಗಳು ಬಹು ಕಿರಿದು. ಅಲ್ಲಿ ಎರಡು ಗೆರೆಗಳ ನಡುವೆ 2 ಮಿಲಿಮೀಟರ್ ತೆರವಿದ್ದರೆ 3 ಮಿಲಿಮೀಟರಿನ ಬಿಟ್ಟು ಒಳಗೆ ಹೋಗುವುದೆಂತು?

ಅದಕ್ಕೆ ಉಪಾಯ, ಇಂಗ್ಲಿಷಿನ ‘ವಿ’ ಅಕ್ಷರದಂತೆ ತುದಿ ಚೂಪಾದ ಬಿಟ್ಟು. ಅಗಲವಾದ ಗೆರೆಯಲ್ಲಿ ಅದು ಆಳಕ್ಕೆ ಇಳಿಯುತ್ತದೆ, ಕಿರಿದಾದಲ್ಲಿ ಮೇಲಕ್ಕೆ ಏರುತ್ತದೆ. 90 ಅಂಶದ ಬಿಟ್ಟಾದರೆ ಗೆರೆಯ ಅಗಲದ ಅರ್ಧದಷ್ಟು ಆಳ: 6 ಮಿಲಿಮೀಟರ್ ಅಗಲಕ್ಕೆ 3 ಮಿಲಿಮೀಟರ್. 60 ಅಂಶದ್ದಾದರೆ ಅದೇ ಅಗಲಕ್ಕೆ 5.2 ಮಿಲಿಮೀಟರ್ ಇಳಿಯಬೇಕು. ತೆಳು ಹಲಗೆಯಾದರೆ ಆಚೆ ಬದಿಗೆ ಬೆಳಕು ಕಾಣುತ್ತದೆ. ಗಣಿತದ ತರಗತಿಯಲ್ಲಿ ‘ಇದರಿಂದ ಏನು ಪ್ರಯೋಜನ’ ಎಂದು ಪಿಸುಗುಡುವವರು ತ್ರಿಕೋಣಮಿತಿಯ ಪುಟವನ್ನು ತೆರೆದು ಈ ಅಂಕೆಯನ್ನು ಪರೀಕ್ಷಿಸಿ ನೋಡಲಿ. ಇಂತಹ ದಾರಿಯನ್ನು ಲೆಕ್ಕಹಾಕಿಕೊಡುವ ಎಫ್-ಎನ್‌ಗ್ರೇವ್ ಎಂಬ ಪುಟ್ಟ ಉಚಿತ ತಂತ್ರಾಂಶ ನಮಗೆ ದೊರೆಯಿತು. ನೋಡಲು ಅಂದವಿಲ್ಲ, ಆದರೆ ಇಂಕ್‌ಸ್ಕೇಪಿನ ಡಿಎಕ್ಸ್‌ಎಫ್ ಕಡತವನ್ನು ಓದಿ ಜಿ-ಕೋಡನ್ನು ಬರೆದುಕೊಟ್ಟಿತು.

ಯಾವ ತಂತ್ರಾಂಶವೂ ಬಲ್ಲದ ಸಂಗತಿಯೊಂದಿದೆ: ಮರ. ನಿಮಿಷಕ್ಕೆ 12,000 ಸುತ್ತು, ಬಿಟ್ಟಿಗೆ ಎರಡು ಅಲಗು, ಅಲಗೊಂದು ಸುತ್ತಿಗೆ 0.05 ಮಿಲಿಮೀಟರ್ ಮರ ತೆಗೆಯಬೇಕೆಂದರೆ ಮೂರನ್ನೂ ಗುಣಿಸಿ ನಿಮಿಷಕ್ಕೆ 1,200 ಮಿಲಿಮೀಟರ್ ವೇಗ. ಅದಕ್ಕಿಂತ ಬಹಳ ನಿಧಾನವಾದರೆ ಬಿಟ್ಟು ಕೊರೆಯದೆ ಉಜ್ಜುತ್ತ ಮರವನ್ನು ಸುಡುತ್ತದೆ. ಬಹಳ ಬೇಗವಾದರೆ ತಾನೇ ಮುರಿಯುತ್ತದೆ. 300ಕ್ಕೆ 200 ಮಿಲಿಮೀಟರ್ ಅಳತೆಯ ಸ್ಮರಣಿಕೆಯ ಸುತ್ತಳತೆ 1,000 ಮಿಲಿಮೀಟರ್. 18 ಮಿಲಿಮೀಟರ್ ದಪ್ಪವನ್ನು ಸಲಕ್ಕೆ 3ರಂತೆ ಆರು ಸಲ ಸುತ್ತಿ ಕತ್ತರಿಸಬೇಕು. ಅಲ್ಲಿಗೆ ಅಂಚು ಕೊಯ್ಯುವುದಕ್ಕೇ ಐದು ನಿಮಿಷ. ಈ ಲೆಕ್ಕವನ್ನು ಹುಡುಗ ಮಾಡಿದನು. ಆದರೆ ತೇಗದ ಹಲಗೆಯನ್ನು ಕೈಯಿಂದ ಸವರಿ, ಎಳೆ ಯಾವ ಕಡೆಗೆ ಓಡುತ್ತದೆ, ಎಲ್ಲಿ ಗಂಟಿದೆ, ಯಾವುದನ್ನು ಬಿಡಬೇಕು ಎಂದು ಆರಿಸಿಕೊಟ್ಟವರು ಆಚಾರ್ಯರು. ಅವರು ಬೇಡವೆಂದು ಪಕ್ಕಕ್ಕೆ ಇಟ್ಟ ಹಲಗೆಗಳಲ್ಲಿಯೇ ಮೊದಲ ಪ್ರಯೋಗ ನಡೆಯಿತು. ಒಂದರಲ್ಲಿ ಒತ್ತಿನ ಬಳಿ ಎಳೆ ಕಿತ್ತುಬಂದಿತು. ವೇಗ ತಗ್ಗಿಸಿದ ಮೇಲೆ ಸರಿಯಾಯಿತು.

ಮೂವತ್ತೆರಡು ಸ್ಮರಣಿಕೆಗಳು ಅಕ್ಟೋಬರ್ ಕೊನೆಯ ವಾರದಲ್ಲಿ ಸಂಘಕ್ಕೆ ತಲುಪಿದವು. ಬಂದ ಹಣದಲ್ಲಿ ಎರಡು ತಿಂಗಳ ಕಂತು ಕಟ್ಟಿದ ಮೇಲೆ ಹುಡುಗನು ಎಸ್ಟ್ಲ್‌ಕ್ಯಾಮ್ ಎಂಬ ಜರ್ಮನಿಯ ತಂತ್ರಾಂಶವೊಂದಕ್ಕೆ ಹಣ ಕೊಟ್ಟನು. ಅದನ್ನು ಕೊಳ್ಳುವ ಮೊದಲು ಎಷ್ಟು ದಿನ ಬೇಕಾದರೂ ಪರೀಕ್ಷಿಸಬಹುದು. ದಿನ ಕಳೆದಂತೆ ಕಡತ ಉಳಿಸುವ ಮುನ್ನ ಅದು ನಮ್ಮನ್ನು ಹೆಚ್ಚು ಹೆಚ್ಚು ಹೊತ್ತು ಕಾಯಿಸುತ್ತದೆ, ಅಷ್ಟೆ. ಸಭ್ಯವಾದ ಒತ್ತಾಯವೆನ್ನಬೇಕು. ಬೆಲೆ ಅಗ್ಗ, ಕೊಡುವುದು ಒಂದೇ ಸಲ, ಮಾರುವ ಕೆಲಸಕ್ಕೂ ಸಲ್ಲುತ್ತದೆ. ಅಕ್ಷರಗಳು ಮಾತ್ರ ಈಗಲೂ ಇಂಕ್‌ಸ್ಕೇಪಿನಿಂದಲೇ ಹೊರಡುತ್ತವೆ.

ಬಿಟ್ಟು ತಲುಪದ ಚೂಪು ಒಳಮೂಲೆಗಳನ್ನು ಆಚಾರ್ಯರು ಕಾಲಿಂಚಿನ ಉಳಿಯಿಂದ ತೆಗೆಯುತ್ತಾರೆ. ಹುಡುಗನು ಫ್ರೀಕ್ಯಾಡನ್ನು ಕೈಬಿಟ್ಟಿಲ್ಲ. ಅಡುಗೆಮನೆಯ ಕಪಾಟನ್ನು ಅದರಲ್ಲಿ ಒಮ್ಮೆ ಕಟ್ಟಿಟ್ಟರೆ, ಗಿರಾಕಿಯ ಗೋಡೆಯ ಅಗಲವನ್ನು ತಿದ್ದಿದೊಡನೆ ಉಳಿದ ಹಲಗೆಗಳ ಅಳತೆಯೂ ತಾನಾಗಿ ಬದಲಾಗುವಂತೆ ಮಾಡಬಹುದಂತೆ. ಭಾನುವಾರಗಳಲ್ಲಿ ಅದರ ಮುಂದೆ ಕುಳಿತಿರುತ್ತಾನೆ. ಇಂಕ್‌ಸ್ಕೇಪನ್ನು ನಮ್ಮ ಶಾಲೆಯ ಗಣಕಯಂತ್ರದಲ್ಲಿಯೂ ಹಾಕಿಸಿದ್ದೇವೆ. ಒಂಬತ್ತನೆಯ ತರಗತಿಯವರಲ್ಲಿ ಯಾರಿಗಾದರೂ ತಮ್ಮ ಮನೆಯ ಬಾಗಿಲಿಗೆ ಕನ್ನಡದ ನಾಮಫಲಕ ಬೇಕಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ಬರಲಿ. ಕಾಗುಣಿತವನ್ನು ಮಾತ್ರ ಮನೆಯಿಂದಲೇ ಸರಿಮಾಡಿಕೊಂಡು ಬರಬೇಕು.